ಕಕ್ಕಸಿನ ಕ್ಯೂ ಮತ್ತು ಆಂಬ್ರೋಸ್ ಟಾಲಿಯ ಮನೆ

ನಮ್ಮ ವಿಕ್‌ಬರಿಗೆ ಬರುವ ಪ್ರವಾಸಿಗರು ಮುಖ್ಯವಾಗಿ ಎರಡನ್ನು ನೋಡುತ್ತಾರೆ. ಒಂದು ಸೆವರ್ನ್ ಹೊಳೆಯ ಮೇಲಿನ ಕಲ್ಲಿನ ಸೇತುವೆ, ಇನ್ನೊಂದು ಕಕ್ಕಸು. ಸೇತುವೆ ನೋಡಲು ಐದು ನಿಮಿಷ ಸಾಕು. ಕಕ್ಕಸಿಗೆ ಮಾತ್ರ ಒಂದು ಬಸ್ಸಿನ ಹೆಂಗಸರೆಲ್ಲ ಇಳಿದರೆಂದರೆ ಅರ್ಧ ಮಧ್ಯಾಹ್ನ ಬೇಕು. ಕೌನ್ಸಿಲಿನವರು ದಡದುದ್ದಕ್ಕೂ ಹೂಕುಂಡ ಇಟ್ಟರು, ಬೆಂಚು ಹಾಕಿದರು, ಹಳೆಯ ಕಟ್ಟಡಗಳಿಗೆಲ್ಲ ಬೋರ್ಡು ಬರೆಸಿದರು. ಹೆಂಗಸರಿಗೆ ಇನ್ನೊಂದು ಬಾಗಿಲು ಮಾಡಿಸಬೇಕು ಅನ್ನುವುದು ಮಾತ್ರ ಅವರ ತಲೆಗೆ ಬರಲಿಲ್ಲ. ಆಗ ಕೌನ್ಸಿಲಿನಲ್ಲಿ ಇದ್ದವರೆಲ್ಲ ಗಂಡಸರು. ಅವರಿಗೆ ಹೊಳೆಯೇ ಇತ್ತಲ್ಲ.

ಆ ಕಕ್ಕಸಿನ ಗೋಡೆಗೆ ಒತ್ತಿಕೊಂಡು ಇದ್ದದ್ದು ಆಂಬ್ರೋಸ್ ಟಾಲಿಯ ಮನೆ. ಅದರ ಪಕ್ಕದ್ದು ನಮ್ಮದು. ನನ್ನ ಗಂಡ ಲೆನ್ ಕಿಡರ್‌ಮಿನ್‌ಸ್ಟರಿನ ಜಮಖಾನೆ ಕಾರ್ಖಾನೆಗೆ ಹೋಗಿಬಿಟ್ಟರೆ ಸಂಜೆಯವರೆಗೂ ನನಗೆ ಮಾತಿಗೆ ಸಿಗುತ್ತಿದ್ದವನು ಆಂಬ್ರೋಸ್ ಒಬ್ಬನೇ. ಮಾತಿಗೆ ಸಿಗುತ್ತಿದ್ದ ಎಂದೆನೇ ಹೊರತು ಮಾತಾಡುತ್ತಿದ್ದ ಎನ್ನಲಿಲ್ಲ. ಮಾತಾಡುತ್ತಿದ್ದವಳು ನಾನು.

ಅವನು ಹುಟ್ಟಿದ್ದು ಆ ಮನೆಯಲ್ಲೇ, ಮಹಡಿಯ ಕೋಣೆಯ ಹಿತ್ತಾಳೆ ಮಂಚದ ಮೇಲೆ. ಅಪ್ಪ ದೋಣಿಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವವನು. ಜೀವಮಾನವೆಲ್ಲ ನೀರಿನ ಮೇಲಿದ್ದರೂ ಅವನಿಗೆ ಏನೂ ಆಗಲಿಲ್ಲ. ಒಂದು ಕ್ರಿಸ್‌ಮಸ್ ಮಧ್ಯಾಹ್ನ ಹೆಂಡದಂಗಡಿಯಿಂದ ಮನೆಗೆ ಬರುವಾಗ ಒಣನೆಲದ ಮೇಲೆ ಬಿದ್ದು ಸತ್ತ. ಅಲ್ಲಿಂದ ಮುಂದೆ ದೋಣಿ ಆಂಬ್ರೋಸನದಾಯಿತು, ಆಂಬ್ರೋಸ್ ಅವನ ಅಮ್ಮನವನಾದ.

ಅಮ್ಮನ ಹೆಸರು ಕೆಜಾಯಾ. ಬಾಯಲ್ಲಿ ಒಂದು ಹಲ್ಲೂ ಇಲ್ಲದಿದ್ದರೂ ಅವಳಷ್ಟು ಕಚ್ಚುವವಳನ್ನು ನಾನು ಕಂಡಿಲ್ಲ. ಮಗ ಯಾವ ಹುಡುಗಿಯ ಹೆಸರೆತ್ತಿದರೂ ಅವಳಲ್ಲಿ ಒಂದು ಕೊರತೆ ಕಾಣುತ್ತಿತ್ತು: ಒಬ್ಬಳು ಕುಳ್ಳಿ, ಇನ್ನೊಬ್ಬಳು ಆಚೆ ದಡದವಳು, ಮೂರನೆಯವಳು ನಗುತ್ತಾಳೆ. "ನಾನು ಸತ್ತ ಮೇಲೆ ಯಾರನ್ನ ಬೇಕಾದ್ರೂ ತಂದ್ಕೋ" ಎಂದು ಹೇಳಿ, ಎಂಬತ್ತೆಂಟು ತುಂಬುವವರೆಗೆ ಸಾಯದೆ ಕೂತಳು. ಅವಳನ್ನು ಮಣ್ಣು ಮಾಡಿ ಬರುವ ಹೊತ್ತಿಗೆ ಆಂಬ್ರೋಸನಿಗೆ ಐವತ್ತಾಗಿತ್ತು, ದಾಟಿಸುವ ದೋಣಿ ನಿಂತುಹೋಗಿತ್ತು, ಊರಿನ ಹುಡುಗಿಯರೆಲ್ಲ ಅಜ್ಜಿಯರಾಗಿದ್ದರು.

ಮನೆಯಲ್ಲಿ ಅವನು ಒಂದು ಚಮಚವನ್ನೂ ಕದಲಿಸಲಿಲ್ಲ. ಪಾದ್ರಿಗಳು ಅದನ್ನು ಮಾತೃಭಕ್ತಿ ಎಂದರು. ನಾನು ಸೋಮಾರಿತನ ಎನ್ನುತ್ತಿದ್ದೆ. ಜೊತೆಗೆ, ಮುದುಕಿ ಎದ್ದು ಬಂದು ಲೆಕ್ಕ ಕೇಳಿಬಿಟ್ಟಾಳೆಂಬ ಅಂಜಿಕೆಯೂ ಇದ್ದಿರಬಹುದು. ಕಬ್ಬಿಣದ ಒಲೆ ಹಾಗೇ ಇತ್ತು. ಕಲ್ಲಿನ ತೊಟ್ಟಿ, ಬಟ್ಟೆ ಹಿಂಡುವ ಮರದ ಯಂತ್ರ, ಗೋಡೆಯ ಮೊಳೆಗೆ ನೇತುಹಾಕಿದ ತಗಡಿನ ಸ್ನಾನದ ತೊಟ್ಟಿ, ಒಲೆಯ ಮೇಲ್ಗಡೆ ಕೆಜಾಯಾಳ ಫೋಟೋ, ಎಲ್ಲವೂ ಹಾಗೇ ಇದ್ದವು. ಹೊಸದಾಗಿ ಬಂದದ್ದೆಂದರೆ ಒಂದು ಟೀವಿ. ಶನಿವಾರದ ಕುಸ್ತಿ ನೋಡಲು.

ಅಮ್ಮ ಅವನಿಗೆ ಕಲಿಸಿದ್ದು ಒಂದೇ ವಿದ್ಯೆ, ಮರ್ಯಾದೆ. ಯಾರೇ ಬಾಗಿಲಿಗೆ ಬರಲಿ, "ಬನ್ನಿ" ಅನ್ನಬೇಕು. ಹಾಗಾಗಿ ಬ್ರಷ್ಷು ಮಾರುವವನು ಬಂದರೆ ಆಂಬ್ರೋಸ್ ಬ್ರಷ್ಷು ಕೊಳ್ಳುತ್ತಿದ್ದ. ಚರ್ಚಿನವರೂ ಬೇರೆ ಪಂಗಡದ ಮೆಥಡಿಸ್ಟರೂ ಇಬ್ಬರೂ ಬಂದು ಕರೆದದ್ದರಿಂದ ಬೆಳಿಗ್ಗೆ ಅಲ್ಲಿಗೆ, ಸಂಜೆ ಇಲ್ಲಿಗೆ ಹೋಗಿ, ಎರಡೂ ಕಡೆಯ ದೇವರ ಮುಂದೆ ತೂಕಡಿಸುತ್ತಿದ್ದ. ಒಮ್ಮೆ ಹಸುವೊಂದು ಅವನ ಕಾಲು ತುಳಿದಾಗ ಅವನು ಅದಕ್ಕೆ ಕ್ಷಮಿಸಿ ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಎಪ್ಪತ್ತೆಂಟರ ಬೇಸಿಗೆಯ ಒಂದು ಭಾನುವಾರ. ಬೇಸಿಗೆ ಅಂದೆನಷ್ಟೆ, ಮಳೆ ಹೊಯ್ಯುತ್ತಿತ್ತು. ಬರ್ಮಿಂಗ್‌ಹ್ಯಾಮ್ ಕಡೆಯ ಬಸ್ಸೊಂದು ಬಂದು ಹೆಂಗಸರನ್ನು ಇಳಿಸಿತು. ಕಕ್ಕಸಿನ ಬಾಗಿಲಿಂದ ಹೊರಟ ಕ್ಯೂ ಆಂಬ್ರೋಸನ ಮನೆ ದಾಟಿ ನನ್ನ ಕಿಟಕಿಯವರೆಗೆ ಬೆಳೆಯಿತು. ಅವನು ಬಾಗಿಲು ತೆರೆದುಕೊಂಡು, ಒಲೆಯ ಮುಂದೆ ಕೂತು ಹಾವುಮೀನು ಹಿಡಿಯುವ ಬುಟ್ಟಿ ಹೆಣೆಯುತ್ತಿದ್ದ. ಬಾಗಿಲೆದುರು ನಿಂತಿದ್ದ ಒಬ್ಬ ಮುದುಕಿಯ ಟೊಪ್ಪಿಯಿಂದ ನೀರು ಸುರಿಯುತ್ತಿತ್ತು.

"ನೆನೀತಿದೀರಲ್ಲಮ್ಮ, ಒಳಗೆ ಬನ್ನಿ" ಎಂದ.

ಮುದುಕಿ ಒಳಗೆ ಹೋದಳು. ಅವಳ ಹಿಂದಿನವಳೂ ಹೋದಳು. ಅವಳ ಹಿಂದಿನವಳೂ. ನಮ್ಮ ಜನ ಕ್ಯೂ ನಿಂತರೆ ಮುಂದಿನವರ ಬೆನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಆ ಬೆನ್ನು ಹೊಳೆಗೆ ಇಳಿದರೂ "ಎಷ್ಟು ಹೊತ್ತಾಗುತ್ತಂತೆ?" ಎಂದು ಕೇಳಿಕೊಂಡು ಹಿಂದೆಯೇ ಇಳಿಯುತ್ತಾರೆ. ಕ್ಯೂ ಮುಂದಿನ ಕೋಣೆ ಹೊಕ್ಕು, ಅಡುಗೆಮನೆ ಹಾದು, ಹಿತ್ತಲ ಬಾಗಿಲಿಂದ ಹೊರಬಿದ್ದು, ನನ್ನ ಅಂಗಳಕ್ಕೆ ಬಂತು. ನಾನು ಒದ್ದೆ ಬಟ್ಟೆ ಎತ್ತಿಕೊಳ್ಳುತ್ತಿದ್ದೆ.

"ಮ್ಯೂಸಿಯಂ ತುಂಬ ಚೆನ್ನಾಗಿ ಕಾಪಾಡಿದಾರೆ" ಎಂದಳು ಒಬ್ಬಳು ನನ್ನನ್ನು ನೋಡಿ. "ಆದ್ರೆ ಕಕ್ಕಸು ಎಲ್ಲಿ?"

ಬಸ್ಸು ಹೋದ ಮೇಲೆ ಆಂಬ್ರೋಸ್ ಬೇಲಿಯ ಹತ್ತಿರ ಬಂದ. ಮುಖ ಬಿಳಿಚಿಕೊಂಡಿತ್ತು.

"ಎಲ್ಸಿ, ನಮ್ಮನೇಲಿ ಈಗ ಏನಾಯ್ತು?"

"ಅದನ್ನ ನೀನು ಹೇಳ್ಬೇಕಪ್ಪ."

"ಯಾರೋ ಒಬ್ರು ಅಮ್ಮನ ಬಾಣಲೆ ಎತ್ತಿ ಮೂಸಿ ನೋಡಿದ್ರು. ಇನ್ನೊಬ್ರು ನನ್ನ ಕೆನ್ನೆ ಮುಟ್ಟಿ ನೋಡಿದ್ರು."

"ಅಯ್ಯೋ, ಯಾಕೆ?"

"ಮೇಣದ ಗೊಂಬೆ ಅಂದ್ಕೊಂಡ್ರಂತೆ. ನಾನು ಕ್ಷಮಿಸಿ ಅಂದೆ."

"ಇದು ಮನೆ, ಆಚೆ ನಡೀರಿ ಅನ್ನೋಕೆ ನಿನ್ನ ಬಾಯಿಗೇನಾಗಿತ್ತು?"

"ಪಾಪ, ಅಷ್ಟು ದೂರದಿಂದ ಬಂದಿದಾರೆ ಎಲ್ಸಿ. ಅದೂ ಮಳೇಲಿ."

ಬಸ್ಸಿನ ಡ್ರೈವರುಗಳಿಗೆ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ತಿಂದದ್ದು ಅರಗುವುದಿಲ್ಲ. ಮುಂದಿನ ಭಾನುವಾರ ಎರಡು ಬಸ್ಸು ಬಂದವು, ಅದರ ಮುಂದಿನ ವಾರ ಮಳೆಯಿಲ್ಲದಿದ್ದರೂ ಬಂದವು. ಬಂದವರು ಮುಂಬಾಗಿಲಿಂದ ಹೊಕ್ಕು ಹಿತ್ತಲಿಂದ ಹೊರಟುಹೋಗುತ್ತಿದ್ದರು. ಮೇಜಿನ ಮೇಲಿನ ಬಟ್ಟಲಲ್ಲಿ ಚಿಲ್ಲರೆ ಬಿಟ್ಟು ಹೋಗುತ್ತಿದ್ದರು, ಅದನ್ನು ಅವನು ಬೆಳಿಗ್ಗೆ ಚರ್ಚಿನ ಡಬ್ಬಿಗೂ ಸಂಜೆ ಮೆಥಡಿಸ್ಟರ ಡಬ್ಬಿಗೂ ಹಾಕಿ ಬರುತ್ತಿದ್ದ. ಭಾನುವಾರ ಬಂತೆಂದರೆ ಟೀವಿಯ ಮೇಲೆ ಕಂಬಳಿ ಹೊದಿಸುವುದು ನನ್ನ ಕೆಲಸ. ಜನ ಹಳೆಯದನ್ನು ನೋಡಲು ಬಂದಿರುವಾಗ ಅವರಿಗೆ ಬೇಸರ ಮಾಡಬಾರದು ಎಂದು ಅವನ ಆಸೆ. ನನಗೂ ಅದು ಚರ್ಚಿಗಿಂತ ಒಳ್ಳೆಯ ಮೋಜಾಗಿತ್ತು.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ಮಿಸ್ ಮ್ಯೂರಿಯಲ್ ಪ್ರಾಸರ್ ಬಂದಳು.

ಅವಳಿಗೂ ಐವತ್ತರ ಆಸುಪಾಸು. ಎತ್ತರದ ಗಟ್ಟಿ ಹೆಂಗಸು. ವುಲ್ವರ್‌ಹ್ಯಾಂಪ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಹೆಂಗಸರ ಹೊಟ್ಟೆ ಸೊಂಟ ಬಿಗಿಯುವ ಕಾರ್ಸೆಟ್ ವಿಭಾಗಕ್ಕೆ ಮುಖ್ಯಸ್ಥೆ. ಮದುವೆಯಾಗಿರಲಿಲ್ಲ. ಆ ಊರಿನ ಅರ್ಧ ಹೆಂಗಸರನ್ನು ಬರಿಮೈಯಲ್ಲಿ ಅಳೆದವಳಿಗೆ ಯಾರ ಮೇಲೂ ಭ್ರಮೆ ಉಳಿದಿರಲಿಲ್ಲ. ಅದಕ್ಕೇ ಇರಬೇಕು, ರಜೆ ಸಿಕ್ಕಿದಾಗಲೆಲ್ಲ ಮ್ಯೂಸಿಯಂಗಳಿಗೆ ಹೋಗಿ ಸತ್ತವರ ಸಾಮಾನು ನೋಡುತ್ತಿದ್ದಳು. ಮೊದಲ ದಿನ ನನ್ನನ್ನು ನೋಡಿದವಳೇ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ಅಮ್ಮ, ನೀವು ಎರಡು ಸೈಜು ಚಿಕ್ಕದು ಹಾಕ್ಕೊಂಡಿದೀರಿ" ಎಂದಳು. ನಾನು ಬೇಜಾರು ಮಾಡಿಕೊಂಡೆ. ಆದರೆ ಅವಳು ಹೇಳಿದ್ದು ನಿಜ.

ಬಸ್ಸಿನವರೆಲ್ಲ ಹಿತ್ತಲಿಗೆ ಹೋದರೂ ಅವಳು ಅಡುಗೆಮನೆಯಲ್ಲೇ ನಿಂತಳು. ಆಂಬ್ರೋಸನನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

"ನಿಮ್ಮ ವೇಷ ಬಹಳ ಚೆನ್ನಾಗಿದೆ" ಎಂದಳು. "ಆದ್ರೆ ಈ ವೇಸ್ಟ್‌ಕೋಟಿನ ಹೊಲಿಗೆ ಆ ಕಾಲದ್ದಲ್ಲ. ನಿಮ್ಮ ಆಫೀಸಿನವರಿಗೆ ಹೇಳಿ."

ಆ ವೇಸ್ಟ್‌ಕೋಟನ್ನು ಹೊಲಿದಿದ್ದವಳು ಕೆಜಾಯಾ.

"ಹೇಳ್ತೀನಿ ಮಿಸ್" ಎಂದ ಆಂಬ್ರೋಸ್.

"ಭಾಷೆ ಮಾತ್ರ ಹೇಗೆ ಹಿಡಿದಿದೀರಿ! ಥೇಟ್ ಹಳೇ ಕಾಲದ ದೋಣಿಯವನ ಥರ. ಎಲ್ಲಿ ಕಲಿತಿರಿ?"

"ಇಲ್ಲೇ ಮಿಸ್, ಹಾಗೇ ಬಂತು."

"ಇವಳು ಯಾರು?" ಎಂದು ಫೋಟೋದತ್ತ ಬೆರಳು ತೋರಿಸಿದಳು. "ಎಲ್ಲಿಂದ ತಂದಿಟ್ಟಿದಾರೋ. ಆ ಕಾಲದ ಹಳ್ಳಿ ಮುದುಕಿಯರು ಹೀಗೇ. ಹಲ್ಲಿಲ್ಲ, ನಗು ಇಲ್ಲ. ಮೂಲೇಲಿ ಕಂಬಳಿ ಹೊದ್ದಿರೋದು ಏನು?"

ಆಂಬ್ರೋಸ್ ನನ್ನ ಕಡೆ ನೋಡಿದ. ನಾನು "ಕೋಳಿಗೂಡು" ಎಂದುಬಿಟ್ಟೆ.

"ಅಡುಗೆಮನೇಲಿ? ಕೋಳಿ ಇದೆಯಾ?"

"ಸತ್ತೋಯ್ತು" ಎಂದ ಆಂಬ್ರೋಸ್ ದುಃಖದಿಂದ.

ಅವಳು ನಕ್ಕಳು. ಎಂಥ ನಗು ಅಂತೀರಿ, ಒಳಗಿನ ಬಿಗಿಯೆಲ್ಲ ಕಳಚಿಬಿದ್ದ ಹಾಗೆ. ಆ ಅಡುಗೆಮನೆಯಲ್ಲಿ ಅದುವರೆಗೆ ಯಾರೂ ಹಾಗೆ ನಕ್ಕಿರಲಿಲ್ಲ. ಆಂಬ್ರೋಸ್ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗೆ ಬೀಳಿಸಿದ. ನಾನು ಅವನ ಮುಖ ನೋಡಿದವಳೇ, ಆಯಿತು, ಈ ಮುದಿಯನ ಕಥೆ ಮುಗಿಯಿತು ಎಂದುಕೊಂಡೆ.

ಮುಂದಿನ ಭಾನುವಾರ ಅವಳು ಬಸ್ಸಿನ ಗುಂಪಿನ ಜೊತೆಗಲ್ಲದೆ ಒಬ್ಬಳೇ ರೈಲಿನಲ್ಲಿ ಬಂದಳು. ಆಂಬ್ರೋಸ್ ಗಡ್ಡ ಬೋಳಿಸಿ, ಕಿವಿಯ ಕೂದಲನ್ನೂ ಕತ್ತರಿಸಿಕೊಂಡಿದ್ದ. ಅದರ ಮುಂದಿನ ವಾರವೂ ಬಂದಳು. ಕೂತು ಒಂದೊಂದೇ ಸಾಮಾನು ಎತ್ತಿ ಅದು ಏನು ಎಂದು ಅವನಿಗೇ ವಿವರಿಸುತ್ತಿದ್ದಳು, ಅವನು ಕಣ್ಣು ಬಿಟ್ಟುಕೊಂಡು ಹೂಂಗುಟ್ಟುತ್ತಿದ್ದ. ಅವನ ಅಜ್ಜಿಯ ಬೆಣ್ಣೆ ಅಚ್ಚನ್ನು ಗಿಣ್ಣಿನ ಅಚ್ಚು ಎಂದಳು, ಅದಕ್ಕೂ ಹೂಂ. ಬೇರೆ ಯಾರಾದರೂ ಬಂದರೆ ಅವರನ್ನು ಕರೆದುಕೊಂಡು ಹೋಗಿ ತೋರಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. "ಇತ್ತ ಬನ್ನಿ, ಆ ಕಾಲದವರು ವಾರಕ್ಕೊಮ್ಮೆ ಮಾತ್ರ ಈ ತೊಟ್ಟಿಯಲ್ಲಿ ಸ್ನಾನ ಮಾಡ್ತಿದ್ರು" ಎನ್ನುವಳು. ಹಿಂದಿನ ಸಂಜೆಯಷ್ಟೇ ಅದರಲ್ಲಿ ಸ್ನಾನ ಮಾಡಿದ್ದ ಆಂಬ್ರೋಸ್ ಬಾಗಿಲ ಹತ್ತಿರ ನಿಂತು ತಲೆಯಾಡಿಸುವನು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಬೇಲಿಯ ಹತ್ತಿರ ಅವನನ್ನು ಹಿಡಿದು ಕೇಳಿದೆ.

"ಏನೋ ಆಂಬ್ರೋಸ್, ಎಷ್ಟು ದಿನ ಹೀಗೆ ಗೊಂಬೆಯಾಗಿ ನಿಂತ್ಕೋತೀಯ? ಇದು ನನ್ನ ಮನೆ, ನಾನು ಇಲ್ಲೇ ಇರೋನು ಅಂತ ಹೇಳಿಬಿಡು."

"ಹೇಗೆ ಹೇಳ್ಲಿ ಮಾರಾಯ್ತಿ? ಬೀರು ಡ್ರಾಯರೆಲ್ಲ ತೆಗೆದು ನೋಡಿದಾರೆ. ಅಮ್ಮನ ಫೋಟೋ ಬಗ್ಗೆ ಅಷ್ಟೆಲ್ಲ ಅಂದಿದಾರೆ. ಇದು ಮನೆ ಅಂತ ಗೊತ್ತಾದ್ರೆ ನಾಚಿಕೆಗೆ ಸತ್ತೇ ಹೋಗ್ತಾರೆ. ಮತ್ತೆ ಈ ಕಡೆ ತಲೆ ಹಾಕಲ್ಲ."

"ಹೇಳದಿದ್ರೆ?"

"ಹೇಳದಿದ್ರೆ ಭಾನುವಾರ ಬರ್ತಾರಲ್ಲ."

"ಬರ್ತಾಳೆ, ಬಾಣಲೆ ನೋಡೋಕೆ. ನಿನ್ನನ್ನ ನೋಡೋಕಲ್ಲ."

ಅವನು ಬುಟ್ಟಿಯೊಂದನ್ನು ಎತ್ತಿ ಅದರೊಳಗೆ ಇಣುಕಿ ನೋಡಿದ. ಅಂಥ ಬುಟ್ಟಿಯಲ್ಲಿ ಹಾವುಮೀನಿಗೆ ಒಳಗೆ ಹೋಗುವ ದಾರಿ ಇರುತ್ತದೆ, ಹೊರಗೆ ಬರುವ ದಾರಿ ಇರುವುದಿಲ್ಲ. ನನಗೆ ಅವನ ಮೇಲೆ ಮೊದಲ ಸಲ ಮರುಕ ಹುಟ್ಟಿತು. ಹೆಚ್ಚು ಹೊತ್ತು ಉಳಿಯಲಿಲ್ಲ, ಸಿಟ್ಟು ಬಂತು.

ಅಕ್ಟೋಬರ್ ಮುಗಿಯಿತು. ಬಸ್ಸುಗಳು ನಿಂತವು, ದೋಣಿಗಳನ್ನು ದಡಕ್ಕೆಳೆದು ಮಗುಚಿ ಹಾಕಿದರು. ಕೋಟೆ ಕೊತ್ತಲ, ಮ್ಯೂಸಿಯಂ ಎಲ್ಲಕ್ಕೂ ನಮ್ಮಲ್ಲಿ ಆಗ ಚಳಿಗಾಲದ ಬೀಗ.

"ನಿಮ್ಮದೂ ಮುಚ್ಚುತ್ತೆ ಅಲ್ವಾ ಮಿಸ್ಟರ್ ಟಾಲಿ?" ಎಂದು ಅವಳು ಕೇಳಿದಾಗ ನಾನು ಅಲ್ಲೇ ಇದ್ದೆ. ಅವಳ ದನಿ ಎಂದಿನ ಹಾಗೆ ಇರಲಿಲ್ಲ.

"ಇಲ್ಲ ಮಿಸ್, ನಮ್ಮದು ಚಳಿಗಾಲದಲ್ಲೂ ತೆರೆದಿರುತ್ತೆ" ಎಂದ. ಅವನ ಜೀವಮಾನದಲ್ಲಿ ಅಷ್ಟು ಬೇಗ ಉತ್ತರ ಕೊಟ್ಟದ್ದು ಅದೇ.

ಚಳಿಗಾಲವೆಲ್ಲ ಅವಳೊಬ್ಬಳೇ ಬಂದಳು. ಒಲೆಯ ಮುಂದೆ ಇಬ್ಬರೂ ಕೂತು ಟೀ ಕುಡಿಯುವರು. ಆ ಟೀಯನ್ನೂ ಹಳೆಯ ಕಾಲದ ಟೀ ಎಂದುಕೊಂಡು ಮೆಚ್ಚಿ ಕುಡಿಯುತ್ತಿದ್ದಳು. ಜನವರಿಯಲ್ಲಿ ಒಂದು ಭಾನುವಾರ ಹೊರಡುವಾಗ ಕೈಚೀಲದ ಪಟ್ಟಿಯನ್ನು ತಿರುಚುತ್ತಾ ಕೇಳಿದಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೇ ಇದ್ದೆ.

"ಮಿಸ್ಟರ್ ಟಾಲಿ, ಬರೋ ಭಾನುವಾರ ನೀವೇ ನಮ್ಮ ಕಡೆ ಟೀಗೆ ಬರಬಹುದಲ್ಲ? ಯಾವಾಗ್ಲೂ ನಾನೇ ಬರ್ತೀನಿ. ವೇಷ ಹಾಕ್ಕೊಂಡು ಬರೋದು ಬೇಡ. ಮಾಮೂಲಿ ಬಟ್ಟೇಲಿ ಬನ್ನಿ. ನಿಮ್ಮನ್ನ ನೀವಾಗಿ ನಾನು ಒಂದು ಸಲಾನೂ ನೋಡಿಲ್ಲ."

ಅವನ ಹತ್ತಿರ ಬೇರೆ ಬಟ್ಟೆ ಎಲ್ಲಿತ್ತು? ಬೇರೆ ಆಂಬ್ರೋಸ್ ಎಲ್ಲಿದ್ದ? ಕೊನೆಗೆ ಹೇಳಿದ್ದು ಏನು ಗೊತ್ತೇ?

"ಭಾನುವಾರ ನನಗೆ ಡ್ಯೂಟಿ ಮಿಸ್."

ಅವಳು "ಹೌದೌದು, ಸರಿ" ಎಂದಳು. ಟೊಪ್ಪಿ ಸರಿಮಾಡಿಕೊಂಡು ಹೊರಟಳು. ನನ್ನ ಕೈಯಲ್ಲಿ ಕೊಳೆನೀರಿನ ಬಕೆಟ್ ಇತ್ತು. ಅವನ ತಲೆಯ ಮೇಲೆ ಸುರಿಯದಿದ್ದದ್ದು ನೆಲ ಒರೆಸುವವಳು ನಾನೇ ಎಂಬ ಒಂದೇ ಕಾರಣಕ್ಕೆ.

ಆಮೇಲೆ ಎರಡು ಭಾನುವಾರ ಅವಳು ಬರಲಿಲ್ಲ. ಆಂಬ್ರೋಸ್ ಎರಡು ಸಲವೂ ಗಡ್ಡ ಬೋಳಿಸಿಕೊಂಡು ಬಾಗಿಲಲ್ಲಿ ಕೂತಿದ್ದ.

ಫೆಬ್ರವರಿಯಲ್ಲಿ ಹೊಳೆ ಬಂತು. ಮೇಲೆ ವೇಲ್ಸಿನ ಬೆಟ್ಟಗಳಲ್ಲಿ ಹಿಮ ಕರಗಿ ಎರಡು ದಿನಕ್ಕೆ ಸೆವರ್ನ್ ನಮ್ಮ ಬಾಗಿಲಿಗೆ ಬರುವುದು ನಮಗೇನೂ ಹೊಸದಲ್ಲ, ನೆಂಟರು ಬಂದ ಹಾಗೆಯೇ. ಜಮಖಾನೆ ಸುತ್ತಿ ಮಹಡಿಗೆ ಏರಿಸುತ್ತೇವೆ, ಭಾರದ ಸಾಮಾನನ್ನು ಬಿಯರ್ ಪೆಟ್ಟಿಗೆಗಳ ಮೇಲೆ ಕೂರಿಸುತ್ತೇವೆ, ಹೆಂಡದಂಗಡಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುವವರೆಗೂ ಗಂಡಸರು ಎದ್ದುಬರುವುದಿಲ್ಲ. ಆ ಸಲ ಮಾತ್ರ ಶನಿವಾರ ಬೆಳಿಗ್ಗೆಗೆ ನೀರು ಎಂದಿನ ಗೆರೆ ದಾಟಿತು. ಅಗ್ನಿಶಾಮಕದವರು ದೋಣಿ ತಂದು ಮಹಡಿಯ ಕಿಟಕಿಗಳಿಂದ ಜನರನ್ನು ಇಳಿಸಲು ಶುರುಮಾಡಿದರು. ಲೆನ್ ಕಿಡರ್‌ಮಿನ್‌ಸ್ಟರಿನಲ್ಲಿ ಸಿಕ್ಕಿಬಿದ್ದಿದ್ದ. ನನ್ನನ್ನು ದೋಣಿಗೆ ಇಳಿಸಿದವನು ಬರ್ಟ್ ಹಿಂಕ್ಸ್, ಆಂಬ್ರೋಸನ ಜೊತೆ ಶಾಲೆಗೆ ಹೋದವನು. ಇಳಿಸುವಾಗ "ಮೆಲ್ಲಗೆ ಎಲ್ಸಿ, ಇದು ದೋಣಿ, ಹಡಗಲ್ಲ" ಎಂದ ದರಿದ್ರದವನು.

ನಮ್ಮ ದೋಣಿ ಆಂಬ್ರೋಸನ ಕಿಟಕಿಯ ಕೆಳಗೆ ಬಂದಾಗ ಒಳಗಿಂದ ಹೆಂಗಸಿನ ದನಿ ಕೇಳಿಸಿತು. ಮಿಸ್ ಪ್ರಾಸರ್! ರೇಡಿಯೋದಲ್ಲಿ ವಿಕ್‌ಬರಿ ಮುಳುಗುತ್ತಿದೆ ಎಂದು ಕೇಳಿದವಳೇ ಮ್ಯೂಸಿಯಂ ಸಾಮಾನು ಉಳಿಸಬೇಕೆಂದು ಅಂಗಡಿಯ ಖಾಲಿ ಕಾರ್ಸೆಟ್ ಪೆಟ್ಟಿಗೆಗಳನ್ನೂ ಮೆತ್ತನೆ ಕಾಗದವನ್ನೂ ಹೊತ್ತು ಮೊದಲ ರೈಲಿಗೇ ಹೊರಟು ಬಂದಿದ್ದಳು. ದಡದ ಮೇಲೆ ನಡೆದಾಡಲು ಹಾಕಿದ್ದ ಹಲಗೆಗಳು ಮುಳುಗುವ ಮೊದಲೇ ಒಳಗೆ ಹೊಕ್ಕು, ಕೆಳಗೆ ಕೈಗೆ ಸಿಕ್ಕ ಸಾಮಾನನ್ನೆಲ್ಲ ಒಂದೊಂದಾಗಿ ಆಂಬ್ರೋಸನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಸಾಗಿಸಿ, ಆಗಷ್ಟೇ, ಅದೂ ಮೊದಲ ಸಲ, ಮಹಡಿಗೆ ಹತ್ತಿದ್ದಳು.

ಅಲ್ಲಿ ಏನಿತ್ತು ಎಂದು ನಾನು ಕಿಟಕಿಯಿಂದಲೇ ನೋಡಿದೆ. ಹಾಸಿಗೆ ಕೆದರಿಕೊಂಡಿತ್ತು. ಹಗ್ಗದ ಮೇಲೆ ಅವನ ಉದ್ದ ಕಾಲಿನ ಒಳಚಡ್ಡಿಗಳು. ಗ್ಲಾಸಿನಲ್ಲಿ ಅವನ ಮೇಲಿನ ಸಾಲಿನ ಹಲ್ಲುಸೆಟ್ಟು. ಮಂಚದ ಮೇಲೆ ಕೋಳಿಗೂಡು, ಈಗ ಕಂಬಳಿಯಿಲ್ಲದೆ, ಗಾಜಿನ ಮುಖ ತೋರಿಸಿಕೊಂಡು ಕೂತಿತ್ತು. ಮಿಸ್ ಪ್ರಾಸರ್ ಮಂಚದ ಕೆಳಗಿಂದ ತೆಗೆದ ಹೂವಿನ ಚಿತ್ರದ ಉಚ್ಚೆಪಾತ್ರೆಯನ್ನು ಕಾಗದದಲ್ಲಿ ಸುತ್ತಿ ಎದೆಗೆ ಅವಚಿಕೊಂಡು, ಟೀವಿಯನ್ನೇ ನೋಡುತ್ತಾ ನಿಂತಿದ್ದಳು.

ಬರ್ಟ್ ಕಿಟಕಿಗೆ ದೋಣಿ ಕಟ್ಟುತ್ತಾ ಕೂಗಿದ, "ಒಳಗೆ ವಾಸ ಇರೋರು ಎಷ್ಟು ಜನ?"

"ವಾಸ ಯಾರೂ ಇಲ್ಲ!" ಎಂದಳು ಅವಳು, ಅಂಗಡಿಯ ದನಿಯಲ್ಲಿ. "ಇದು ಮ್ಯೂಸಿಯಂ. ನಾವು ಸಿಬ್ಬಂದಿ."

ಬರ್ಟ್ ನನ್ನ ಮುಖ ನೋಡಿದ. ನಾನು ನೀರು ನೋಡಿದೆ. ಅವನು ಬಾಯಿ ತೆರೆದು ನಗಲು ಶುರುಮಾಡುವಷ್ಟರಲ್ಲಿ ಆಂಬ್ರೋಸ್ ಮುಂದೆ ಬಂದ. ಗ್ಲಾಸಿನಿಂದ ಹಲ್ಲುಸೆಟ್ಟು ತೆಗೆದು ಬಾಯಿಗೆ ಹಾಕಿಕೊಂಡ. ಅವನಿಗೆ ಗೊತ್ತಿದ್ದ ಅತಿ ದೊಡ್ಡ ಮರ್ಯಾದೆ ಅದೇ ಇರಬೇಕು.

"ಒಬ್ಬ" ಎಂದ. "ನಾನು. ಇದು ನನ್ನ ಮನೆ, ಮಿಸ್ ಪ್ರಾಸರ್. ನಾನು ಹುಟ್ಟಿದ್ದು ಈ ಮಂಚದ ಮೇಲೆ. ಮೊದಲ ದಿನಾನೇ ಹೇಳಬೇಕಿತ್ತು. ಹೇಳಿದ್ರೆ ನೀವು ಬರ್ತಿರಲಿಲ್ಲ."

ಅವಳು ದೋಣಿಗೆ ಇಳಿದಳು, ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಂಬ್ರೋಸ್ ಅಮ್ಮನ ಫೋಟೋ ಹಿಡಿದುಕೊಂಡು ಎದುರಿಗೆ ಕೂತ. ಬರ್ಟ್ ಹುಟ್ಟು ಹಾಕಿದ. ಬೇಕರಿ ದಾಟಿದೆವು, ಬ್ಯಾಂಕು ದಾಟಿದೆವು.

"ಹಾಗಾದ್ರೆ ಇದು," ಎಂದಳು ಕಡೆಗೆ, ತೊಡೆಯ ಮೇಲಿನದನ್ನು ನೋಡಿ.

"ಬಳಕೇಲಿದೆ ಮಿಸ್" ಎಂದ ಆಂಬ್ರೋಸ್.

ಬರ್ಟನ ಹುಟ್ಟು ನೀರಿನಲ್ಲಿ ಜಾರಿತು.

"ನಿಮ್ಮ ಡ್ರಾಯರ್ ತೆಗೆದು ನೋಡಿದೆ" ಎಂದಳು ಅವಳು, ಯಾರಿಗೂ ಅಲ್ಲದ ಹಾಗೆ. "ನಿಮ್ಮ ಸ್ನಾನದ ಬಗ್ಗೆ ಒಂದು ಬಸ್ಸಿನ ಜನಕ್ಕೆ ಭಾಷಣ ಮಾಡಿದೆ. ನಿಮ್ಮ ತಾಯಿನ, ಅಯ್ಯೋ ದೇವರೇ, ನಿಮ್ಮ ತಾಯಿನ ಹಲ್ಲಿಲ್ಲದ ಮುದುಕಿ ಅಂದೆ."

ಆಂಬ್ರೋಸ್ ಫೋಟೋವನ್ನು ತಿರುಗಿಸಿ ನೋಡಿದ.

"ಹಲ್ಲು ಇರಲಿಲ್ಲ. ಅದು ನಿಜ" ಎಂದ.

ದೋಣಿ ಚರ್ಚಿನ ಮೆಟ್ಟಿಲಿಗೆ ತಾಗಿತು. ಅವಳು ಪಾತ್ರೆಯನ್ನು ಅವನ ಕೈಗೆ ಕೊಟ್ಟಳು, ಬೆನ್ನು ನೆಟ್ಟಗೆ ಮಾಡಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಕುತ್ತಿಗೆಯವರೆಗೆ ಕೆಂಪಾಗಿದ್ದದ್ದು ಹಿಂದಿನಿಂದಲೇ ಕಾಣುತ್ತಿತ್ತು.

ನೀರು ಇಳಿಯಲು ಶುರುವಾದದ್ದು ಸೋಮವಾರ. ಇಳಿಯುವ ಹೊಳೆಯ ಜೊತೆಗೆ ನಾವೂ ಕೆಲಸ ಮಾಡಬೇಕು, ಅದು ನಮ್ಮ ಕಡೆಯ ರೂಢಿ. ನೀರು ಹಿಂದೆ ಸರಿದ ಹಾಗೆಲ್ಲ ಪೊರಕೆ ಹಿಡಿದು ಕೆಸರನ್ನು ಅದೇ ನೀರಿನಲ್ಲಿ ಕದಡಿ ಹೊರಗೆ ನೂಕುತ್ತಾ ಹೋಗಬೇಕು. ನೀರು ಪೂರ್ತಿ ಹೋಗುವವರೆಗೆ ಕೈಕಟ್ಟಿ ಕೂತರೆ ಆ ಕೆಸರು ಗಾರೆಯ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಗುದ್ದಲಿಯೇ ಗತಿ. ಬೀದಿಯವರೆಲ್ಲ ಮೊಣಕಾಲುದ್ದದ ನೀರಿನಲ್ಲಿ ಗುಡಿಸುತ್ತಿದ್ದೆವು. ಆಂಬ್ರೋಸ್ ಮಾತ್ರ ಅಡುಗೆಮನೆಯ ನಡುವೆ ಪೊರಕೆ ಹಿಡಿದು ನಿಂತಿದ್ದ, ಗುಡಿಸುತ್ತಿರಲಿಲ್ಲ. ನೀರು ಅವನ ಕಾಲ ಸುತ್ತ ಮೆಲ್ಲಗೆ ಇಳಿಯುತ್ತಿತ್ತು.

"ಗುಡಿಸೋ! ಗುಡಿಸೋ ಮೂದೇವಿ!" ಎಂದು ಕಿರುಚಿದೆ. "ಇನ್ನೊಂದು ಗಂಟೆಗೆ ಕಲ್ಲಾಗುತ್ತೆ!"

"ಆಗ್ಲಿ ಬಿಡು ಎಲ್ಸಿ" ಎಂದ. "ನೋಡೋರು ಯಾರಿದಾರೆ?"

ನಾನೇ ನನ್ನ ಮನೆ ಬಿಟ್ಟು ಅವನದಕ್ಕೆ ನುಗ್ಗಿದೆ. ಎರಡು ಸಲ ಗುಡಿಸಿರಬೇಕು, ಬಾಗಿಲಲ್ಲಿ ನೆರಳು ಬಿತ್ತು. ಮಿಸ್ ಪ್ರಾಸರ್. ಅಂಗಡಿಯ ಕಪ್ಪು ನಿಲುವಂಗಿ, ಕಾಲಿಗೆ ಹೊಸ ರಬ್ಬರ್ ಬೂಟು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಯಾರದೋ ಸೊಂಟವನ್ನು ಅರ್ಧ ಅಳೆದು ಬಿಟ್ಟು ಬಂದಿದ್ದಳೋ ಏನೋ.

ಹೊಸ್ತಿಲ ಹೊರಗೇ ನಿಂತಳು.

"ಮಿಸ್ಟರ್ ಟಾಲಿ, ಒಳಗೆ ಬರಬಹುದಾ?"

ಅವನ ಬಾಯಿಂದ "ಬನ್ನಿ" ಬರಲಿಲ್ಲ. ಹುಟ್ಟಿದಾಗಿನಿಂದ ನಾಯಿ ನರಿಗೆಲ್ಲ ಬನ್ನಿ ಎಂದವನು ಅಂದು ಬರೀ ತಲೆಯಾಡಿಸಿದ.

ಒಳಗೆ ಬಂದಳು. ಗೋಡೆಗೊರಗಿದ್ದ ಪೊರಕೆ ತೋರಿಸಿ, "ಇದನ್ನ ಮುಟ್ಟಬಹುದಾ?"

"ಮುಟ್ಟಿ."

"ಈ ಕುರ್ಚಿ ಸರಿಸಬಹುದಾ?"

"ಸರಿಸಿ."

ಅವತ್ತು ಅವಳು ಒಂದೊಂದನ್ನೂ ಕೇಳಿಕೊಂಡೇ ಮುಟ್ಟಿದಳು. ಮಹಡಿಯಿಂದ ತಂದ ಬಾಣಲೆಗೆ ಕೇಳಿದಳು, ಬಟ್ಟೆ ಹಿಂಡುವ ಯಂತ್ರಕ್ಕೆ ಕೇಳಿದಳು. ಅವನು ಪ್ರತಿ ಸಲವೂ ಹೇಳಿದ, ಮುಟ್ಟಿ, ಎತ್ತಿ, ಅಲ್ಲಿಡಿ. ಆಮೇಲಾಮೇಲೆ ತಾನೇ ಹೇಳತೊಡಗಿದ: ಅದು ಗಿಣ್ಣಿಂದಲ್ಲ, ಬೆಣ್ಣೆ ಅಚ್ಚು. ಅದು ಅಜ್ಜಿದು. ಈ ವೇಸ್ಟ್‌ಕೋಟು ಅಮ್ಮ ಹೊಲಿದದ್ದು.

"ಹೊಲಿಗೆ ಸೊಟ್ಟ ಇದೆ" ಎಂದಳು ಮಿಸ್ ಪ್ರಾಸರ್, ಕೆಸರು ನೂಕುತ್ತಾ.

"ಅಮ್ಮನಿಗೆ ಕಣ್ಣು ಕಾಣ್ತಿರಲಿಲ್ಲ. ಬೇರೆ ಯಾರ ಹತ್ರಾನೂ ಹೊಲಿಸಿಕೊಳ್ಳೋಕೆ ಬಿಡ್ತಿರಲಿಲ್ಲ."

"ಡ್ಯೂಟಿ ಅಂದಿರಲ್ಲ ಅವತ್ತು, ಟೀಗೆ ಕರೆದಾಗ. ನಾನು ಅಂದ್ಕೊಂಡೆ, ನೋಡೋಕೆ ಬಂದವಳ ಹತ್ರ ಎಷ್ಟು ಬೇಕೋ ಅಷ್ಟೇ ಮಾತು ಇವರದ್ದು ಅಂತ."

"ನನ್ನ ಹತ್ರ ಬೇರೆ ಬಟ್ಟೆ ಇರಲಿಲ್ಲ" ಎಂದ ಆಂಬ್ರೋಸ್.

ಅವಳು ಪೊರಕೆ ನಿಲ್ಲಿಸಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ಈ ಸಲ ಅಳತೆಗೆ ಬಹಳ ಹೊತ್ತು ಹಿಡಿಯಿತು. ನಾನು ಕೆಮ್ಮಿದೆ, ಯಾರಿಗೂ ಕೇಳಿಸಲಿಲ್ಲ.

ಹೊಳೆ ಬಂದ ಊರನ್ನು ನೋಡಲು ಬರುವವರ ಜಾತಿಯೇ ಬೇರೆ. ಸೇತುವೆಗೆ ಬರುವವರಿಗಿಂತ ಹೆಚ್ಚು ಬರುತ್ತಾರೆ, ಪಕ್ಕದವರ ಕಷ್ಟ ನೋಡಲು ಟಿಕೆಟ್ ಇಲ್ಲವಲ್ಲ. ಅಂಥ ಗಂಡ ಹೆಂಡತಿಯರಿಬ್ಬರು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡವರು, ಬಾಗಿಲಿಂದ ಒಳಗೆ ಇಣುಕಿದರು. ಒಲೆ, ತೊಟ್ಟಿ, ಕೆಸರು ಮೆತ್ತಿದ ಮೂವರು ಮುದುಕರು ಕಂಡದ್ದಕ್ಕೆ ಅವರಿಗೆ ಖುಷಿಯಾಯಿತು.

"ತೆರೆದಿದೆಯಾ?" ಎಂದು ಹೆಂಗಸು ಕೇಳಿದಳು. "ಸ್ವಲ್ಪ ನೋಡಬಹುದಾ?"

ಆಂಬ್ರೋಸ್ ಬಾಯಿ ತೆರೆದ. ಅಭ್ಯಾಸಬಲ. ಅವನ ತುಟಿ ಬ ಅಕ್ಷರಕ್ಕೆ ಕೂಡಿಕೊಂಡದ್ದನ್ನು ನಾನು ಕಂಡೆ.

"ಇಲ್ಲ" ಎಂದಳು ಮಿಸ್ ಪ್ರಾಸರ್. "ಇದು ಇವರ ಮನೆ. ನಡೀರಿ ಆಚೆ!"

ನಮ್ಮ ಊರಿನಲ್ಲಿ ಪ್ರವಾಸಿಗರಿಗೆ ಯಾರಾದರೂ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ "ಕ್ಷಮಿಸಿ" ಎಂದು ಹಿಂದೆ ಸರಿದರು. ನಾನೂ, ಅವರು ನಿಜವಾಗಿ ಹೋದರೋ ಇಲ್ಲವೋ ನೋಡೋಣವೆಂದು ಪೊರಕೆಯ ಸಮೇತ ಹೊಸ್ತಿಲಾಚೆ ಬಂದೆ. ಅಷ್ಟರಲ್ಲಿ ನನ್ನ ಹಿಂದೆ ನೀರು ಕುಡಿದು ಉಬ್ಬಿದ ಬಾಗಿಲು ಕಿರುಗುಟ್ಟಿತು, ಯಾರೋ ಸೊಂಟ ಕೊಟ್ಟು ನೂಕಿದರು, ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಅಷ್ಟು ವರ್ಷದ ನೆರೆಹೊರೆಯಲ್ಲಿ ಆ ಬಾಗಿಲು ನನ್ನ ಮುಖದ ಮೇಲೆ ಮುಚ್ಚಿದ್ದು ಅದೇ ಮೊದಲು. ತಟ್ಟೋಣ ಎಂದುಕೊಂಡು ಕೈ ಎತ್ತಿದೆ. ಒಳಗೆ ಅವಳು ಏನೋ ಕೇಳಿದಳು, ಮಾತು ತಿಳಿಯಲಿಲ್ಲ. ಆಂಬ್ರೋಸ್ "ಮುಟ್ಟಿ" ಎಂದದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ನಾನು ಎತ್ತಿದ ಕೈ ಇಳಿಸಿ ನಮ್ಮ ಮನೆಗೆ ಹೋದೆ. ಅಷ್ಟರಲ್ಲಿ ನನ್ನ ಅಡುಗೆಮನೆಯ ಕೆಸರು ಗಟ್ಟಿಯಾಗಿತ್ತು. ಸಂಜೆ ಲೆನ್ ಬಂದು ಗುದ್ದಲಿ ಹಿಡಿದವನು ಮಲಗುವವರೆಗೂ ನನ್ನನ್ನು ಬೈದ.